ಕ್ವೇಕ್ 3 ಅರೀನಾ: ನೆಟ್ ಇಲ್ಲದ ಮಳೆಗಾಲಕ್ಕೂ ಆಗುವ ಆಟ

ಕ್ವೇಕ್ 3 ಅರೀನಾ ಬಂದದ್ದು 1999ರ ಡಿಸೆಂಬರ್‌ನಲ್ಲಿ. ಇಷ್ಟು ಹಳೇ ಆಟಕ್ಕೆ ಈಗ ಯಾಕೆ ವಿಮರ್ಶೆ ಅಂತ ಕೇಳಬಹುದು. ನಾಲ್ಕು ಜನ ಒಂದೇ ಮನೆಯಲ್ಲಿ ಕೂತು, ನೆಟ್ ಇಲ್ಲದೆ, ಯಾವ ಅಕೌಂಟೂ ತೆರೆಯದೆ ಶೂಟಿಂಗ್ ಆಡಬೇಕು ಅಂದರೆ ಇದಕ್ಕಿಂತ ಸಲೀಸಾದದ್ದು ನನಗೆ ಇವತ್ತಿಗೂ ಸಿಕ್ಕಿಲ್ಲ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಎಲ್ಲೋ ಮರ ಬೀಳುತ್ತದೆ, ಫೈಬರ್ ತುಂಡಾಗುತ್ತದೆ. ಹೊಸ ಆಟಗಳೆಲ್ಲ ಲಾಗಿನ್ ಕೇಳುತ್ತಾ ನಿಂತುಬಿಡುತ್ತವೆ. ಕ್ವೇಕ್‌ಗೆ ಅದರ ಹಂಗಿಲ್ಲ. ಇನ್ವರ್ಟರ್‌ನಲ್ಲಿ ರೂಟರ್ ಓಡುತ್ತಿದ್ದರೆ ಸಾಕು. ವರ್ಷಗಟ್ಟಲೆ ಆಡಿದ ಮೇಲೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದು ಯಾಕೆ ಹೋಯಿತು ಅಂತ ಕೊನೆಗೆ ಹೇಳುತ್ತೇನೆ.

ಆಟ ಸ್ಟೀಮ್, ಜಿಒಜಿ ಎರಡೂ ಆನ್‌ಲೈನ್ ಗೇಮ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅದನ್ನು ಹಾಗೇ ಓಡಿಸಬೇಡಿ. ಆಟ ಮಾಡಿದ ಐಡಿ ಸಾಫ್ಟ್‌ವೇರ್‌ನವರು 2005ರಲ್ಲಿ ಇದರ ಸೋರ್ಸ್ ಕೋಡ್ (ಮೂಲ ಪ್ರೋಗ್ರಾಂ ಬರಹ) ಎಲ್ಲರಿಗೂ ಬಿಟ್ಟುಕೊಟ್ಟರು. ಆಸಕ್ತರು ಅದನ್ನು ತಿದ್ದಿ ಐಒಕ್ವೇಕ್3 ಅಂತ ಮಾಡಿಟ್ಟಿದ್ದಾರೆ. ಅದನ್ನು ಇಳಿಸಿಕೊಳ್ಳಿ. ಜೊತೆಗೆ 1.32 ಪ್ಯಾಚ್‌ನ ಫೈಲುಗಳೂ ಬೇಕು. ಆಮೇಲೆ ನೀವು ಕೊಂಡ ಆಟದಿಂದ ‘ಪಾಕ್0’ ಅನ್ನುವ 450 ಎಂಬಿ ದಾಟುವ ದೊಡ್ಡ ಫೈಲನ್ನು ಅದರ ‘ಬೇಸ್‌ಕ್ಯೂ3’ ಫೋಲ್ಡರ್‌ಗೆ ಹಾಕಿ. ಇನ್‌ಸ್ಟಾಲ್ ಮುಗಿಯಿತು. ವೈಡ್ ಸ್ಕ್ರೀನ್, ವಿಂಡೋಸ್, ಲಿನಕ್ಸ್ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ.

ದುಡ್ಡು ಕೊಡುವ ಮನಸ್ಸಿಲ್ಲದವರಿಗೆ ಓಪನ್‌ಅರೀನಾ ಇದೆ. ಅದೇ ಎಂಜಿನ್, ಪೂರ್ತಿ ಉಚಿತ. ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಕೈಟ್ ಲಿನಕ್ಸ್ ಇರುವುದರಿಂದ ನಮ್ಮ ಕಡೆ ಟೀಚರ್‌ಗಳ ಮನೆಯ ಲ್ಯಾಪ್‌ಟಾಪ್‌ಗಳಲ್ಲೂ ಲಿನಕ್ಸ್ ಜಾಸ್ತಿ. ಓಪನ್‌ಅರೀನಾ ಉಬುಂಟುವಿನ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತದೆ. ಆದರೆ ಅದರ ಕೆಲವು ಹೆಣ್ಣು ಪಾತ್ರಗಳ ವೇಷ ಮಕ್ಕಳ ಎದುರು ತೋರಿಸುವಂಥದ್ದಲ್ಲ. ಆಟದ ಅಂದವೂ ಅಷ್ಟಕ್ಕಷ್ಟೇ. ನಾನಾದರೆ ಮೂಲ ಆಟವನ್ನೇ ಕೊಳ್ಳುತ್ತೇನೆ.

ಪಂದ್ಯ ಕೂಡಿಸುವುದು ಸುಲಭ. ಒಬ್ಬ ಮಲ್ಟಿಪ್ಲೇಯರ್‌ಗೆ ಹೋಗಿ ‘ಕ್ರಿಯೇಟ್’ ಒತ್ತುತ್ತಾನೆ, ಮ್ಯಾಪ್ ಆರಿಸುತ್ತಾನೆ. ಉಳಿದವರು ಸರ್ವರ್ ಪಟ್ಟಿಯಲ್ಲಿ ‘ಲೋಕಲ್’ ಇಟ್ಟು ರಿಫ್ರೆಶ್ ಮಾಡಿದರೆ ಹೆಸರು ಕಾಣುತ್ತದೆ. ಕಾಣದಿದ್ದರೆ ಎಸ್ಕೇಪ್ ಕೀಯ ಕೆಳಗಿನ ಕೀ ಒತ್ತಿ. ಮೇಲಿನಿಂದ ಕನ್ಸೋಲ್ ಇಳಿಯುತ್ತದೆ. ಅಲ್ಲಿ ‘ಕನೆಕ್ಟ್’ ಅಂತ ಬರೆದು ಸರ್ವರ್ ಇರುವ ಕಂಪ್ಯೂಟರ್‌ನ ಐಪಿ ವಿಳಾಸ ಕೊಡಿ.

ಆಗಲೂ ಆಗಲಿಲ್ಲ ಅಂದರೆ ತಪ್ಪು ಆಟದ್ದಲ್ಲ. ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಅಂತ ದಾಖಲಾಗಿದ್ದರೆ ಫೈರ್‌ವಾಲ್ ತಡೆಯುತ್ತದೆ. ಅದನ್ನು ‘ಪ್ರೈವೇಟ್’ ಮಾಡಿ. ಕ್ವೇಕ್ ಬಳಸುವುದು ಯುಡಿಪಿ 27960 ಪೋರ್ಟು, ಅದಕ್ಕೆ ದಾರಿ ಬಿಟ್ಟರೂ ಆಯಿತು. ಇನ್ನೊಂದು ಉಪದ್ರ ರೂಟರಿನದ್ದು. ನೆಟ್ ಹಾಕಿದವರು ನಮಗೆ ಕೊಟ್ಟ ಪೆಟ್ಟಿಗೆಯಲ್ಲಿ ಒಂದು ಫೋನು ಇನ್ನೊಂದನ್ನು ನೋಡದಂತೆ ಮಾಡುವ ಎಪಿ ಐಸೊಲೇಶನ್ ಮೊದಲೇ ಆನ್ ಇತ್ತು. ಎಲ್ಲರಿಗೂ ನೆಟ್ ಬರುತ್ತದೆ, ಪಂದ್ಯ ಮಾತ್ರ ಯಾರಿಗೂ ಕಾಣುವುದಿಲ್ಲ! ತಲೆ ಕೆಟ್ಟುಹೋಗುತ್ತದೆ ಮಾರಾಯ್ರೆ. ಗೆಸ್ಟ್ ವೈಫೈ ಹಿಡಿದರೂ ಇದೇ ಗತಿ.

ಇನ್ನು ನಮ್ಮ ಊರಿನ ಕೆಂಪುಕಲ್ಲಿನ ಗೋಡೆ. ಚಾವಡಿಯಲ್ಲಿ ಪೂರ್ತಿ ಇರುವ ಸಿಗ್ನಲ್ ಒಳಕೋಣೆಗೆ ಹೋಗುವಷ್ಟರಲ್ಲಿ ಸೋತಿರುತ್ತದೆ. ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ, ಒಮ್ಮೆ 5 ಮಿಲಿಸೆಕೆಂಡ್, ಒಮ್ಮೆ 200. ಹಾಗಾಗಿ ಕಂಪ್ಯೂಟರ್‌ಗಳನ್ನು ಕೇಬಲ್‌ನಲ್ಲಿ ಜೋಡಿಸುವ ಒಂದು ಅಗ್ಗದ ನೆಟ್‌ವರ್ಕ್ ಸ್ವಿಚ್, ನಾಲ್ಕೈದು ಲ್ಯಾನ್ ಕೇಬಲ್ ತಂದಿಟ್ಟಿದ್ದೇನೆ. ಎಲ್ಲರೂ ಚಾವಡಿಯಲ್ಲೇ ಕೂರುವುದು. ಆಟಕ್ಕಾಗಿ ಮಾಡಿದ ಖರ್ಚಿನಲ್ಲಿ ಅತಿ ಹೆಚ್ಚು ದುಡಿದದ್ದು ಈ ಸ್ವಿಚ್ಚೇ.

ಮನೆಯವರ ಜೊತೆ ಆಡುವವರು ನೋಡಲೇಬೇಕಾದದ್ದು ಹ್ಯಾಂಡಿಕ್ಯಾಪ್. ಪ್ಲೇಯರ್ ಸೆಟ್ಟಿಂಗ್‌ನಲ್ಲಿದೆ, ಹೆಚ್ಚಿನವರು ಅದರತ್ತ ತಿರುಗಿಯೂ ನೋಡುವುದಿಲ್ಲ. 100ರಿಂದ 5ರವರೆಗೆ ಇಳಿಸಬಹುದು. ಇಳಿಸಿದಷ್ಟೂ ಆಡುವವನ ಜೀವವೂ ಕಡಿಮೆ, ಅವನ ಗುಂಡಿನ ಏಟೂ ಕಡಿಮೆ. ನಮ್ಮ ಭಾವ ಕಾಲೇಜು ದಿನಗಳಲ್ಲಿ ಇದನ್ನೇ ಉಸಿರಾಡಿದವರು. ಅವರದ್ದನ್ನು 50ಕ್ಕೆ ಇಳಿಸಿದರೆ ಮಾತ್ರ ಮಕ್ಕಳಿಗೆ ಆಟ. ಮೊದಲ ರಾಕೆಟ್‌ಗೇ ಉರುಳಿದಾಗ ಭಾವ ಸ್ಕ್ರೀನ್ ಬಿಟ್ಟು ಮಕ್ಕಳ ಮುಖ ನೋಡುತ್ತಾರೆ: “ಹೋಯ್, ನನ್ನದು ಕಡಿಮೆ ಮಾಡಿದ್ದು ಯಾರು?” ಉತ್ತರ ಯಾರೂ ಕೊಡುವುದಿಲ್ಲ.

ಜನ ಕೂಡುವುದೇ ಇಲ್ಲಿ ಕಷ್ಟ. ನಮ್ಮ ಮಕ್ಕಳಿಗೆ ಓಣಂ ರಜೆ, ಪುತ್ತೂರಿನ ಮಕ್ಕಳಿಗೆ ದಸರಾ ರಜೆ. ಎರಡೂ ಕಡೆಯವರು ಒಟ್ಟಾಗುವುದು ಬೇಸಿಗೆಯಲ್ಲಿ ಮಾತ್ರ. ಉಳಿದ ಕಾಲಕ್ಕೆ ಬಾಟ್‌ಗಳೇ, ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರರೇ ಗತಿ. ಕನ್ಸೋಲ್‌ನಲ್ಲಿ ‘ಬಾಟ್_ಮಿನ್‌ಪ್ಲೇಯರ್ಸ್ 4’ (bot_minplayers 4) ಅಂತ ಕೊಟ್ಟರೆ ಅಂಗಳದಲ್ಲಿ ಯಾವಾಗಲೂ ನಾಲ್ವರು ಇರುತ್ತಾರೆ. ಒಬ್ಬ ಚಾ ಕುಡಿಯಲು ಎದ್ದು ಆಟ ಬಿಟ್ಟರೆ ಬಾಟ್ ಬರುತ್ತದೆ, ಅವನು ವಾಪಸ್ ಬಂದರೆ ಬಾಟ್ ಹೋಗುತ್ತದೆ. ಬಾಟ್‌ಗಳಿಗೆ ಐದು ಮಟ್ಟ. ಎರಡನೆಯದರಿಂದ ಶುರು ಮಾಡಿ. ಐದನೆಯದು ಸುಮ್ನೆ ಅವಮಾನ.

ಮ್ಯಾಪ್‌ಗಳಲ್ಲಿ ‘ಲಾಂಗೆಸ್ಟ್ ಯಾರ್ಡ್’ ಬಿಟ್ಟು ಬೇರೆ ಹಾಕಲು ನಮ್ಮ ಮಕ್ಕಳು ಬಿಡುವುದಿಲ್ಲ. ಶೂನ್ಯದಲ್ಲಿ ತೇಲುವ ಕಟ್ಟೆಗಳು, ಹಾರಿಸುವ ಜಂಪ್ ಪ್ಯಾಡ್‌ಗಳು, ದೂರದ ಒಂದು ಕಟ್ಟೆಯ ಮೇಲೆ ರೇಲ್‌ಗನ್ ಅನ್ನುವ ಬಂದೂಕು. ಗಾಳಿಯಲ್ಲಿ ಹಾರುತ್ತಿರುವವನಿಗೆ ಗುರಿ ತಾಗಿತು ಅಂದರೆ ಚಾವಡಿಯಲ್ಲಿ ಕನ್ನಡ, ತುಳು, ಮಲಯಾಳ ಮೂರರಲ್ಲೂ ಬೊಬ್ಬೆ. ಅಂದ ಹಾಗೆ, ಇದು ದೊಡ್ಡವರ ಆಟ ಅಂತಲೇ ಅಮೆರಿಕದಲ್ಲಿ ‘ಮೆಚೂರ್’ ರೇಟಿಂಗ್ ಕೊಟ್ಟದ್ದು. ಸಣ್ಣವರು ಕೂರುವಾಗ ಕನ್ಸೋಲ್‌ನಲ್ಲಿ ‘ಕಾಮ್_ಬ್ಲಡ್ 0’ (com_blood 0) ಕೊಟ್ಟು ರಕ್ತ ನಿಲ್ಲಿಸಿ. ಪ್ರತಿ ಕಂಪ್ಯೂಟರ್‌ನಲ್ಲೂ ಬೇರೆಬೇರೆಯಾಗಿ ಕೊಡಬೇಕು.

ಈಗ ಆ ಹೋದ ಸ್ಟಾರ್. ಮನೆಯ ಹೊರಗಿನವರನ್ನು ಸೇರಿಸಿಕೊಳ್ಳುವುದು ರಗಳೆ. ಈಗಿನ ಎಷ್ಟೋ ಕನೆಕ್ಷನ್‌ಗಳಲ್ಲಿ ಮನೆಗೆ ಅಂತ ಬೇರೆ ಐಪಿ ಕೊಡುವುದಿಲ್ಲ, ನೂರಾರು ಮನೆಗೆ ಒಂದನ್ನೇ ಹಂಚುತ್ತಾರೆ. ರೂಟರ್‌ನಲ್ಲಿ ಪೋರ್ಟ್ ತೆರೆದು ಪ್ರಯೋಜನ ಇಲ್ಲ. ದೂರದ ಕಂಪ್ಯೂಟರ್‌ಗಳನ್ನು ಒಂದೇ ನೆಟ್‌ವರ್ಕ್‌ನಲ್ಲಿದ್ದಂತೆ ಜೋಡಿಸುವ ಟೇಲ್‌ಸ್ಕೇಲ್‌ನಂಥದ್ದನ್ನು ಎರಡೂ ಕಡೆ ಹಾಕಿದರೆ ಕೆಲಸ ಆಗುತ್ತದೆ, ಆದರೆ ಲೋಕಲ್ ಪಟ್ಟಿಯಲ್ಲಿ ಪಂದ್ಯ ಕಾಣುವುದಿಲ್ಲ. ಐಪಿ ಬರೆದೇ ಸೇರಬೇಕು. ಬೆಂಗಳೂರಿನ ಅಣ್ಣನ ಜೊತೆ ಹೀಗೆ ಆಡಿದರೆ ತೊಂದರೆ ಗೊತ್ತೇ ಆಗುವುದಿಲ್ಲ.

ಜರ್ಮನಿಯಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗನ ಕಥೆ ಬೇರೆ. ಅವನ ಪಿಂಗ್ 150ರ ಮೇಲೆಯೇ. ಮೂಲ ಕ್ವೇಕ್ 3 ಈ ತಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎದುರಾಳಿ ಕಾಣುವ ಜಾಗಕ್ಕಿಂತ ಮುಂದಕ್ಕೆ ಗುರಿ ಇಟ್ಟರೆ ಮಾತ್ರ ರೇಲ್‌ಗನ್ ತಾಗುತ್ತದೆ. ಅವನ ಬೈಗುಳ ಕೇಳಿ ಕೇಳಿ ಸಾಕಾಯಿತು. ಓಪನ್‌ಅರೀನಾದಲ್ಲಿ ಈ ತಡವನ್ನು ಸರಿದೂಗಿಸುವ ವ್ಯವಸ್ಥೆ ಒಳಗೇ ಇದೆ. ಹಾಗಾಗಿ ಅವನು ಸೇರುವ ದಿನ ವೇಷಭೂಷಣದ ಚಿಂತೆ ಬಿಟ್ಟು, ಮಕ್ಕಳು ಮಲಗಿದ ಮೇಲೆ ಅದನ್ನೇ ಹಾಕುತ್ತೇವೆ.