ಉಣ್ಣೆ ಕಂಬಳಿ ಅಂತ ಕೊಂಡಿದ್ದು ಕರಗಿ ಹೋಯಿತು: ದಾವಣಗೆರೆ, ಚಿತ್ರದುರ್ಗದ ಕಡೆಯವರು ಒಮ್ಮೆ ಓದಿ

ಕಾರ್ತಿಕದಲ್ಲಿ ನಮ್ಮ ಮನೆಯಲ್ಲಿ ಪೂಜೆ ಇತ್ತು. ಮಾವನವರು ಹೊಸ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಗದ್ದುಗೆ ಹಾಕಿದ್ದರು. ಊದಿನಕಡ್ಡಿಯ ಕೆಂಡ ಮುರಿದು ಅದರ ಮೇಲೆ ಬಿತ್ತು. ನಾನು ಓಡಿ ಹೋಗಿ ತೆಗೆಯುವಷ್ಟರಲ್ಲಿ ಕಡಲೆಕಾಳಿನಷ್ಟು ತೂತಾಗಿತ್ತು. ತೂತಾಗಿದ್ದಕ್ಕೆ ಬೇಜಾರಿಲ್ಲ, ಅದರ ಅಂಚು ನೋಡಿ ಎದೆ ಧಸಕ್ ಅಂತು. ಸುತ್ತಲೂ ಕಪ್ಪಗೆ ಕರಗಿ ಮಣಿ ಮಣಿಯಾಗಿ ಗಟ್ಟಿಯಾಗಿತ್ತು. ಉಗುರಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು.

ಮಾವ ಬಗ್ಗಿ ಮೂಸಿ ನೋಡಿದರು. ಅವರು ಜಗಳೂರು ಕಡೆಯ ಹಳ್ಳಿಯವರು, ಚಿಕ್ಕಂದಿನಿಂದ ಕಂಬಳಿ ಹೊದ್ದೇ ಬೆಳೆದವರು. ‘ಉಣ್ಣಿ ಸುಟ್ರ ಕೂದ್ಲು ಸುಟ್ಟ ವಾಸ್ನಿ ಬರ್ಬೇಕವ್ವಾ. ಇದು ಉಣ್ಣಿ ಅಲ್ಲ, ಪ್ಲಾಸ್ಟಿಕ್ ಐತಿ’ ಅಂದರು. ಅಷ್ಟೇ ಹೇಳಿ ಅದನ್ನು ಗದ್ದುಗೆಯಿಂದ ತೆಗೆದು, ಒಳಗಿನಿಂದ ತಮ್ಮ ಹಳೇ ಕಂಬಳಿ ತಂದು ಹಾಸಿದರು. ಆವತ್ತು ಪೂಜೆ ಮುಗಿಯುವವರೆಗೂ ನನಗೆ ತಲೆ ಎತ್ತಲು ಆಗಲಿಲ್ಲ. ಆ ಕಂಬಳಿಗೆ ನಾನು 6,500 ರೂಪಾಯಿ ಕೊಟ್ಟಿದ್ದೆ. ಒಂದಲ್ಲ, ಎರಡು ತಂದಿದ್ದೆ.

ಆಗಿದ್ದು ಇಷ್ಟು. ನಾವು ದಾವಣಗೆರೆಯ ವಿದ್ಯಾನಗರದ ಮನೆಯ ಮೇಲೆ ಒಂದು ಮಹಡಿ ಕಟ್ಟಿಸಿದೆವು. ಈ ಸಲ ಪ್ಲೈವುಡ್ಡು, ಪ್ಲಾಸ್ಟಿಕ್ ಹೂವು, ಎರಡು ವರ್ಷಕ್ಕೆ ಕಸಕ್ಕೆ ಹೋಗುವ ಸಾಮಾನು ಬೇಡ ಅಂತ ನಾನೇ ಹಟ ಹಿಡಿದಿದ್ದೆ. ನಮ್ಮ ಅಪ್ಪ ಇಲ್ಲಿನ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಮಿಲ್ಲು ಮುಚ್ಚಿದಾಗ ನಮ್ಮ ಓಣಿಯ ಮನೆಗಳು ಹೇಗೆ ಆಗಿದ್ದವು ಅಂತ ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಕೈಯಲ್ಲಿ ದುಡಿಯುವವರ ಹತ್ತಿರವೇ ಕೊಳ್ಳಬೇಕು, ಚೌಕಾಸಿ ಮಾಡದೆ ಸರಿಯಾದ ಬೆಲೆ ಕೊಡಬೇಕು ಅಂತ ಆಸೆ ಇತ್ತು. ಈಗಲೂ ಇದೆ.

ದಸರಾಕ್ಕೆ ಮುಂಚೆ ಒಂದು ಕಲ್ಯಾಣ ಮಂಟಪದಲ್ಲಿ ನಾಲ್ಕು ದಿನದ ಪ್ರದರ್ಶನ, ಮಾರಾಟ ಇತ್ತು. ‘ನೇಕಾರರಿಂದ ನೇರ ನಿಮ್ಮ ಮನೆಗೆ, ನೂರಕ್ಕೆ ನೂರು ಪರಿಸರಸ್ನೇಹಿ’ ಅಂತ ಬ್ಯಾನರ್. ಒಳಗೆ ಹೋದರೆ ಖಾದಿ ತೊಟ್ಟ ಹುಡುಗರು, ಮಣ್ಣಿನ ಲೋಟದಲ್ಲಿ ಮಜ್ಜಿಗೆ, ಮೂಲೆಯಲ್ಲಿ ಒಂದು ರಾಟೆ. ಪ್ರತಿ ವಸ್ತುವಿಗೂ ದಾರದಲ್ಲಿ ಒಂದು ಚೀಟಿ ಕಟ್ಟಿದ್ದರು. ಚೀಟಿಯಲ್ಲಿ ಅದನ್ನು ಮಾಡಿದವರ ಫೋಟೋ, ಹೆಸರು, ಊರು. ನನ್ನ ಕಂಬಳಿಯ ಚೀಟಿಯಲ್ಲಿ ಮಗ್ಗದ ಮುಂದೆ ಕೂತ ಒಬ್ಬ ಅಜ್ಜಿ ಇದ್ದರು. ನಿಜ ಹೇಳಬೇಕಂದ್ರೆ ಆ ಅಜ್ಜಿಯ ಮುಖ ನೋಡಿಯೇ ನಾನು ಹಣ ಕೊಟ್ಟಿದ್ದು. ಎರಡು ಕಂಬಳಿ, ಹಾಲಿಗೆ ನವಲಗುಂದದ ಜಮಖಾನ 14,500, ಹಳೇ ಸಾಗವಾನಿ ಮರದ ಟೇಬಲ್ಲು 28,000, ಮಗಳಿಗೆ ಚನ್ನಪಟ್ಟಣದ ಗೊಂಬೆಗಳು 4,200. ಒಟ್ಟು 59,700 ರೂಪಾಯಿ.

ಪೂಜೆ ಆದ ವಾರಕ್ಕೆ ಚಿತ್ರದುರ್ಗದಿಂದ ನನ್ನ ತಂಗಿ ಬಂದಳು. ಅವಳೂ ಅದೇ ಜನರ ಹತ್ತಿರ, ಅವಳ ಊರಿನಲ್ಲಿ ಹಾಕಿದ್ದ ಮಳಿಗೆಯಲ್ಲಿ ಒಂದು ಗೋಡೆ ಪರದೆ ಕೊಂಡಿದ್ದಳಂತೆ. ನನ್ನ ಚೀಟಿ ನೋಡಿ ಸುಮ್ಮನಾದಳು. ಆಮೇಲೆ ಮೊಬೈಲ್ ತೆಗೆದು ತನ್ನ ಚೀಟಿಯ ಫೋಟೋ ತೋರಿಸಿದಳು. ಅದೇ ಅಜ್ಜಿ, ಅದೇ ಸೀರೆ, ಅದೇ ಮಗ್ಗ. ಹೆಸರು ಬೇರೆ, ಊರು ಬೇರೆ, ಜಿಲ್ಲೆಯೇ ಬೇರೆ! ಆ ಅಜ್ಜಿ ಯಾರು, ಎಲ್ಲಿಯವರು, ಅವರ ಮುಖ ತೋರಿಸಿ ಹೀಗೆ ವ್ಯಾಪಾರ ಮಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಾ? ಇಷ್ಟೆಲ್ಲ ಆದದ್ದರಲ್ಲಿ ನನಗೆ ತುಂಬಾ ನೋವಾಗಿದ್ದು ಇದೇ. ಹಣ ಹೋದದ್ದಕ್ಕಿಂತ ಜಾಸ್ತಿ.

ಮುಂದಿನ ಭಾನುವಾರ ಮಾವನವರನ್ನು ಕರೆದುಕೊಂಡು ಚಳ್ಳಕೆರೆ ಕಡೆ ಹೋದೆವು. ಚಿತ್ರದುರ್ಗ ದಾಟಿ ಸುಮಾರು 30 ಕಿಲೋಮೀಟರ್, ಅಷ್ಟೇ. ಕಂಬಳಿಗೆ ಹೆಸರಾದ ಊರು ಇಷ್ಟು ಹತ್ತಿರ ಇಟ್ಟುಕೊಂಡು ನಾನು ಮಂಟಪದಲ್ಲಿ ಕೊಂಡಿದ್ದೆ. ಕೇಳುತ್ತಾ ಕೇಳುತ್ತಾ ಒಂದು ಹಳ್ಳಿಯಲ್ಲಿ ನೇಯುವ ಮನೆ ಸಿಕ್ಕಿತು. ಬೀದಿಯಲ್ಲೇ ಉದ್ದಕ್ಕೆ ಹಾಸು ನೂಲು ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಬಳಿದು, ಬಿಸಿಲಿಗೆ ಒಣಗಿಸುತ್ತಿದ್ದರು. ಮನೆಯಾಕೆ ರಾಟೆಯಲ್ಲಿ ನೂಲು ತೆಗೆಯುತ್ತಿದ್ದರು, ನೆಲದ ಗುಂಡಿಯಲ್ಲಿ ಕಾಲಿಳಿಸಿ ಅಜ್ಜ ನೇಯುತ್ತಿದ್ದರು. ಬಣ್ಣ ಅನ್ನೋದೇ ಇಲ್ಲ, ಕುರಿಯ ಮೈಮೇಲಿನ ಕಪ್ಪೇ ಕಂಬಳಿಯ ಕಪ್ಪು. ಕಂಬಳಿ ಎತ್ತಿ ನೋಡಿದರೆ ಒಳ್ಳೇ ಭಾರ. ಕೈಗೆ ಚುಚ್ಚುತ್ತದೆ. ಹೊಸದರಲ್ಲಿ ಆ ಗಂಜಿಯಿಂದಾಗಿ ಸೆಟೆದುಕೊಂಡಿರುತ್ತದೆ, ಹೊದೆಯುತ್ತಾ ಹೊದೆಯುತ್ತಾ ಮೆತ್ತಗಾಗುತ್ತದೆ. ಒಂದಿಷ್ಟು ಕುರಿ ವಾಸನೆ ಇರುತ್ತದೆ. ನಾನು ಕೊಂಡಿದ್ದು ಹತ್ತಿಯ ಹಾಗೆ ಹಗುರ, ಬೆಕ್ಕಿನ ಮೈ ಹಾಗೆ ನುಣುಪು, ಸೆಂಟ್ ಹೊಡೆದ ಹಾಗೆ ವಾಸನೆ. ಆವಾಗ ಅದನ್ನೇ ಒಳ್ಳೇ ಗುಣ ಅಂದುಕೊಂಡಿದ್ದೆ.

ನಮ್ಮ ಕಥೆ ಕೇಳಿ ಆ ಅಜ್ಜ ಒಂದು ಎಳೆ ಕಿತ್ತು ನನ್ನ ಕೈಗೇ ಕೊಟ್ಟರು. ‘ಕಡ್ಡಿ ಗೀರಿ ನೋಡವ್ವಾ, ಬ್ಯಾಡ ಅಂದೋರ್ ಯಾರು’ ಅಂದರು. ಬೆಂಕಿ ಹಿಡಿದರೆ ಚಟಪಟ ಅಂತು, ಕಡ್ಡಿ ತೆಗೆದ ಕೂಡಲೇ ಆರಿತು. ಕೂದಲು ಸುಟ್ಟ ವಾಸನೆ. ಬೂದಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಕರಗಲಿಲ್ಲ, ಗಟ್ಟಿ ಮಣಿ ಆಗಲಿಲ್ಲ. ಅಕ್ರಿಲಿಕ್‌ನಂಥ ಪ್ಲಾಸ್ಟಿಕ್ ದಾರ ಆದರೆ ಹೊಗೆ ಬಿಟ್ಟುಕೊಂಡು ಕರಗುತ್ತದೆ. ಅದು ಪೆಟ್ರೋಲಿಯಂನಿಂದ ಮಾಡಿದ ದಾರ, ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ. ಪರಿಸರಸ್ನೇಹಿ ಅಂತ ನಾನು ಮನೆಗೆ ತಂದಿದ್ದು ಅದನ್ನು. ಅಲ್ಲಿಂದ ಒಂದು ಕಂಬಳಿ ತಂದೆವು, ಮಂಟಪದಲ್ಲಿ ಕೊಟ್ಟಿದ್ದರ ಅರ್ಧವೂ ಆಗಲಿಲ್ಲ. ಅದೂ ಪೂರ್ತಿ ನೇಯ್ದವರ ಕೈಗೇ ಹೋಯಿತು. ಅಜ್ಜ ಒಂದು ಮಾತು ಹೇಳಿದರು, ಈಗ ಕುರಿ ಸಾಕುವವರು ಮಾಂಸಕ್ಕೆ ಅಂತ ಸಾಕುತ್ತಾರೆ, ಉಣ್ಣೆಗೆ ರೇಟೇ ಇಲ್ಲ, ಕತ್ತರಿಸಿದ ಕೂಲಿಯೂ ಹುಟ್ಟಲ್ಲ ಅಂತ ಎಸೆಯುತ್ತಾರೆ. ಇಲ್ಲಿ ಉಣ್ಣೆ ಎಸೆಯುತ್ತಿದ್ದಾರೆ, ಅಲ್ಲಿ ಅದರ ಹೆಸರಲ್ಲಿ ಪ್ಲಾಸ್ಟಿಕ್ ಮಾರುತ್ತಿದ್ದಾರೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಇದೇ ತಲೆಯಲ್ಲಿ ಓಡುತ್ತಿತ್ತು.

ಇನ್ನು ಟೇಬಲ್ಲು. ನೂರು ವರ್ಷದ ಮನೆ ಕೆಡವಿದ ತೊಲೆಯಿಂದ ಮಾಡಿದ್ದು, ಒಂದು ಮರವನ್ನೂ ಕಡಿದಿಲ್ಲ ಅಂತ ಹೇಳಿದ್ದರು. ಸಂಕ್ರಾಂತಿ ಹೊತ್ತಿಗೆ ಅದರ ಕಾಲಿನ ಬುಡದಲ್ಲಿ ದಿನಾ ಬೆಳಿಗ್ಗೆ ಹಳದಿ ಹಿಟ್ಟು ಬಿದ್ದಿರುತ್ತಿತ್ತು. ಗೋಧಿ ಹಿಟ್ಟು ಜರಡಿ ಹಿಡಿದ ಹಾಗೆ, ಅಷ್ಟು ನುಣ್ಣಗೆ. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ. ನಮ್ಮ ಮನೆ ಬಾಗಿಲು ಮಾಡಿದ ಬಡಿಗ್ಯಾರನ್ನು ಕರೆಸಿದೆ. ಅವರು ಟೇಬಲ್ ಮಗುಚಿ, ಕಾಲಿನ ಒಳಮಗ್ಗುಲಲ್ಲಿ ಉಳಿಯಿಂದ ಚೂರು ಕೆತ್ತಿದರು. ಮೇಲೆ ಕಂದು ಬಣ್ಣ, ಒಳಗೆ ಬೆಳ್ಳಗೆ. ‘ಇದು ಮಾವಿನ ಕಟ್ಟಿಗಿ ಅಕ್ಕಾರೆ, ಬಲಿತೂ ಇಲ್ಲ, ಔಷಧಿ ಹೊಡೆದೂ ಇಲ್ಲ. ಹುಳ ಕೊರೆದ ಹಿಟ್ಟು ಇದು. ಸಾಗವಾನಿ ತಿರುಳಿಗೆ ಈ ಹುಳ ಬಾಯಿ ಹಾಕಲ್ಲ’ ಅಂದರು. ಹಳೇ ತೊಲೆ ಅಂದ್ರೆ ಎಲ್ಲಾದರೂ ಮೊಳೆ ಹೊಡೆದ ತೂತು, ಮರ ಜೋಡಿಸಲು ಕೊರೆದ ಹಳೇ ಗುರುತು, ಬಿಸಿಲು ಮಳೆಗೆ ಸೀಳಿದ್ದು ಇರಲೇಬೇಕು, ನಿಮ್ಮದರಲ್ಲಿ ಒಂದೂ ಇಲ್ಲ ಅಂತ ತೋರಿಸಿದರು. ಮೇಲ್ಭಾಗದಲ್ಲಿ ಎರಡು ಮೊಳೆ ತೂತು ಇತ್ತು. ಅದು ಡ್ರಿಲ್ಲಿಂಗ್ ಮಷೀನಿನಲ್ಲಿ ಹಾಕಿದ್ದು, ಒಳಗೆ ತುಕ್ಕಿನ ಕಲೆಯೇ ಇಲ್ಲ. ಹುಳ ಬೇರೆ ಕಟ್ಟಿಗೆಗೆ ಹತ್ತಬಾರದು ಅಂತ ಟೇಬಲ್ಲನ್ನು ಈಗ ಟೆರೇಸಿನ ಮೇಲೆ ಹಾಕಿದ್ದೇವೆ.

ಜಮಖಾನದ ವಿಷಯದಲ್ಲಿ ಅಪ್ಪನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಮೂಲೆ ಹಿಡಿದು ಮಗುಚಿದರು. ಮೇಲೆ ನವಿಲು, ಹಿಂದೆ ಮಸುಕು ಬಿಳಿ. ನವಲಗುಂದದ ಜಮಖಾನ ಹೆಣ್ಣುಮಕ್ಕಳು ಕೈಯಲ್ಲಿ ಎಳೆ ಎಳೆ ಕೂಡಿಸಿ ನೇಯುವಂಥದ್ದು, ಬಣ್ಣದ ನೂಲಿನಲ್ಲೇ ಚಿತ್ರ ಮೂಡಬೇಕು, ಎರಡೂ ಕಡೆ ಕಾಣಬೇಕು. ನನ್ನದು ಬರೀ ಪ್ರಿಂಟು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಂಪು ಬಿಡುತ್ತಿತ್ತು, ಟೈಲ್ಸ್ ಮೇಲೆ ಇವತ್ತಿಗೂ ಕಲೆ ಇದೆ. ಅಪ್ಪ ಒಂದೇ ಮಾತು ಕೇಳಿದರು, ‘ನನ್ನ ಕರ್ಕೊಂಡು ಹೋಗ್ಬಾರ್ದಿತ್ತಾ ಮಗಳೇ?’

ಗೊಂಬೆಗಳ ಬಗ್ಗೆ ಮಾತ್ರ ಕೋಪ ತಡೆಯಲು ಆಗುತ್ತಿಲ್ಲ, ಏಕೆಂದರೆ ಅವು ಮಗುವಿನ ಬಾಯಿಗೆ ಹೋಗುವಂಥವು. ಚನ್ನಪಟ್ಟಣದ ಗೊಂಬೆಗೆ ಬ್ರಷ್ಷಿನಲ್ಲಿ ಬಣ್ಣ ಬಳಿಯುವುದಿಲ್ಲ. ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಸುಲಭಕ್ಕೆ ಏಳುವುದಿಲ್ಲ. ನಮ್ಮ ಮಗಳ ಗೊಂಬೆಯ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು ಅವಳ ತುಟಿಗೆ ಅಂಟಿತ್ತು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅಂತ 2017ರಿಂದ ನಿಯಮ ಇದೆ. ಆದರೆ ಯಾವ ಡಬ್ಬಿಯ ಬಣ್ಣ ಅಂತಲೇ ಗೊತ್ತಿಲ್ಲದಾಗ ಏನು ನಂಬುವುದು? ಅವತ್ತೇ ಎತ್ತಿಟ್ಟೆ.

ಮಾರಿದವರಿಗೆ ಫೋನ್ ಮಾಡಿದೆ. ಮೊದಲು ನಯವಾಗಿ ‘ಮೇಡಂ, ಮಿಕ್ಸ್ ಉಣ್ಣೆ ಅದು’ ಅಂದರು. ಹಾಗಾದರೆ ಬಿಲ್ಲಿನಲ್ಲಿ ಬರೆದುಕೊಡಿ ಅಂದೆ. ಆಮೇಲೆ ಫೋನ್ ಎತ್ತಲಿಲ್ಲ. ಆಗ ಬಿಲ್ ತೆಗೆದು ನೋಡಿದೆ. ಅದು ಬಿಲ್ಲೇ ಅಲ್ಲ, ‘ಅಂದಾಜು ಪಟ್ಟಿ’ ಅಂತ ಮೇಲೆ ಸಣ್ಣಕ್ಷರದಲ್ಲಿದೆ. ಜಿಎಸ್‌ಟಿ ನಂಬರ್ ಇಲ್ಲ, ವಿಳಾಸ ಇಲ್ಲ, ‘ಕಂಬಳಿ 2, ಟೇಬಲ್ 1’ ಅಂತ ಅಷ್ಟೇ. ಉಣ್ಣೆ ಅನ್ನೋ ಪದವೇ ಇಲ್ಲ, ಸಾಗವಾನಿ ಅನ್ನೋ ಪದವೂ ಇಲ್ಲ. ಬಾಯಲ್ಲಿ ಹೇಳಿದ್ದು ಒಂದೂ ಕಾಗದದ ಮೇಲೆ ಬಂದಿಲ್ಲ.

ಹಣ ಕೊಟ್ಟಿದ್ದು ಫೋನ್‌ಪೇಯಲ್ಲಿ, ಅದರ ದಾಖಲೆ ಇತ್ತು. ವಾಟ್ಸಾಪಿನಲ್ಲಿ ಅವರು ಕಳಿಸಿದ್ದ ಜಾಹೀರಾತು, ‘ಶುದ್ಧ ಉಣ್ಣೆ’ ಅಂತ ಬರೆದಿದ್ದ ಮೆಸೇಜು ಅಳಿಸಿರಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ರಾಜಿಯಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಸುಮ್ನೆ ‘ಪರಿಸರಸ್ನೇಹಿ’, ‘ಹಸಿರು’ ಅಂತ ಆಧಾರವಿಲ್ಲದೆ ಜಾಹೀರಾತು ಕೊಡಬಾರದು ಅಂತ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ತಂದಿದೆ. ಜಿಐ (ಆ ಊರಿನಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಅನ್ನುವ ಸರ್ಕಾರಿ ಗುರುತು) ಇರುವ ಊರಿನ ಹೆಸರನ್ನು ಸುಳ್ಳಾಗಿ ಹಾಕಿ ಮಾರುವುದು 1999ರ ಕಾನೂನಿನ ಪ್ರಕಾರ ಜೈಲು ಶಿಕ್ಷೆ ಆಗುವ ಅಪರಾಧ, ಚನ್ನಪಟ್ಟಣದ ಗೊಂಬೆ, ನವಲಗುಂದದ ಜಮಖಾನ ಎರಡಕ್ಕೂ ಜಿಐ ಇದೆ. ಇದೆಲ್ಲ ನನಗೆ ಹಣ ಕೊಟ್ಟ ಮೇಲೆ ಗೊತ್ತಾಯಿತು.

ನೀವು ಕೊಳ್ಳುವುದಾದರೆ ದಯವಿಟ್ಟು ಇಷ್ಟು ಮಾಡಿ. ಯಾವ ನೂಲು, ಯಾವ ಮರ, ಎಲ್ಲಿ ಮಾಡಿದ್ದು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಅಲ್ಲೇ ಬಿಟ್ಟು ಎದ್ದು ಬನ್ನಿ, ಎಷ್ಟೇ ಚೆನ್ನಾಗಿರಲಿ. ಕೈಮಗ್ಗದ್ದು ಅಂದರೆ ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್ ಇದೆಯಾ ಕೇಳಿ, 2006ರಿಂದ ಇದೆ ಅದು. ರೇಷ್ಮೆ ಅಂದರೆ ಸಿಲ್ಕ್ ಮಾರ್ಕ್. ಮೊಳಕಾಲ್ಮೂರು ಸೀರೆ ಕತ್ತರಿಸಿ ಹೊಲಿದ ದಿಂಬಿನ ಚೀಲ ಅಂತ ಕೂಡ ಮಾರುತ್ತಿದ್ದರು, ನಾನು ಕೊಳ್ಳಲಿಲ್ಲ, ಆದರೆ ಆ ಬೆಲೆಗೆ ಮೊಳಕಾಲ್ಮೂರು ರೇಷ್ಮೆಯ ಅಂಚೂ ಬರಲ್ಲ. ಕಾರ್ಪೆಟ್ಟು ಕೊಳ್ಳುವವರು ಗುಡ್‌ವೀವ್ ಲೇಬಲ್ ನೋಡಿ, ಮಕ್ಕಳನ್ನು ದುಡಿಸಿಲ್ಲ ಅನ್ನುವುದಕ್ಕೆ ನಂಬರ್ ಸಮೇತ ಇರುತ್ತದೆ. ಮಾಡಿದವರ ಫೋಟೋ ತೋರಿಸಿದರೆ, ಅವರ ಜೊತೆ ಫೋನಿನಲ್ಲಿ ಎರಡು ಮಾತಾಡಿಸಿ ಅನ್ನಿ. ನಿಜವಾಗಿ ನೇಕಾರರ ಜೊತೆ ಕೆಲಸ ಮಾಡುವವರು ಖುಷಿಯಿಂದ ಮಾತಾಡಿಸುತ್ತಾರೆ.

ಹಾಲಿನಲ್ಲಿ ಈಗ ಅವ್ವನ ಕೌದಿ ಹಾಸಿದ್ದೇವೆ. ಅವ್ವನ ಹಳೇ ಸೀರೆಗಳು, ಅಪ್ಪನ ಪಂಚೆ, ನನ್ನ ಲಂಗದ ತುಂಡು ಎಲ್ಲ ಅದರಲ್ಲಿದೆ. ಇಪ್ಪತ್ತು ವರ್ಷ ಟ್ರಂಕಿನಲ್ಲಿತ್ತು. ಊಟದ ಟೇಬಲ್ಲಿಗೆ ಬಡಿಗ್ಯಾರೇ ಹಳೇ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ ಎರಡು ತೊಲೆ ಆರಿಸಿ ಕೊಟ್ಟಿದ್ದಾರೆ, ಕೆಲಸ ನಡೀತಾ ಇದೆ.

1915ರ ದೂರಿಗೆ ಮಾರಿದವರಿಂದ ಇನ್ನೂ ಉತ್ತರ ಬಂದಿಲ್ಲ. ಆಯೋಗಕ್ಕೆ ಅರ್ಜಿ ಬರೆದಿಟ್ಟಿದ್ದೇನೆ, ತಂಗಿಯ ಚೀಟಿಯನ್ನೂ ಜೊತೆಗೆ ಲಗತ್ತಿಸುತ್ತೇನೆ. ನಿಮ್ಮ ಮನೆಯಲ್ಲೂ ಅದೇ ಅಜ್ಜಿಯ ಫೋಟೋ ಇರುವ ಚೀಟಿ ಇದ್ದರೆ ಎಸೆಯಬೇಡಿ, ನನಗೆ ತಿಳಿಸಿ. ಯುಗಾದಿಗೆ ಅವರು ಮತ್ತೆ ಬರುತ್ತಾರಂತೆ, ಈ ಸಲ ಹರಿಹರದಲ್ಲೂ ಮಳಿಗೆ ಹಾಕುತ್ತಾರಂತೆ.