ಟೈರ್ ಮೇಲಿನ "500" ನೋಡಿ ದುಡ್ಡು ಕೊಡಬೇಡಿ, ಮೊದಲು ಆ ನಾಲ್ಕು ಅಂಕಿ ಓದಿ

ಮಳೆಗಾಲಕ್ಕೆ ಮುಂಚೆ ಕಾರಿಗೆ ಹೊಸ ಟೈರ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಸರಿಯಾಗಿ ನೋಡದೆ ಟೈರ್ ತಗೊಂಡಿದ್ದಕ್ಕೆ ನನ್ನ ಅಮ್ಮ, ಹೆಂಡತಿ, ಮಗಳು ಮೂವರೂ ಆಗುಂಬೆ ಘಾಟಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂರಬೇಕಾಯಿತು. ನಿಮಗೆ ಹಾಗಾಗಬಾರದು.

2023ರ ಫೆಬ್ರವರಿ. ನಮ್ಮ ಸ್ವಿಫ್ಟ್‌ನ ನಾಲ್ಕೂ ಟೈರ್ ಸವೆದು ಬೋಳಾಗಿದ್ದವು. ಅಳತೆ 185/65 ಆರ್15. ಶಿವಮೊಗ್ಗದ ಒಂದು ಟೈರ್ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಟೈರ್ ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. ಅದರ ಪಕ್ಕದಲ್ಲಿ ಉಬ್ಬಿದ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದರು.

"ಇಲ್ನೋಡಿ ಸರ್, ಟ್ರೆಡ್‌ವೇರ್ 500. ಅಂದ್ರೆ 50 ಸಾವಿರ ಕಿಲೋಮೀಟರ್ ಗ್ಯಾರಂಟಿ. ಟ್ರಾಕ್ಷನ್ ಎ, ಟೆಂಪರೇಚರ್ ಎ. ಎಲ್ಲದರಲ್ಲೂ ಫಸ್ಟ್ ಕ್ಲಾಸ್. ಅಮೆರಿಕದ ರೇಟಿಂಗ್ ಸರ್ ಇದು, ಸುಮ್ನೆ ಕೊಡಲ್ಲ."

ಬೆಲೆಯೂ ಬೇರೆ ಕಡೆಗಿಂತ ಕಡಿಮೆ ಇತ್ತು. ಒಪ್ಪಿಕೊಂಡೆ. ಹುಡುಗರು ಟೈರ್ ಹಾಕುವಾಗ ನಾನು ಎದುರಿಗಿದ್ದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮುಗಿಸಿ ಬಿಲ್ ಕೊಟ್ಟರು. ಬಿಲ್‌ನಲ್ಲಿ ಟೈರಿನ ಅಳತೆ, ಸಂಖ್ಯೆ 4, ಒಟ್ಟು ಮೊತ್ತ. ಅಷ್ಟೇ ಇತ್ತು.

ಬೇಸಿಗೆಯಲ್ಲಿ ಏನೂ ಗೊತ್ತಾಗಲಿಲ್ಲ. ಒಣ ರಸ್ತೆ, ಊರೊಳಗಿನ ಓಡಾಟ. ಜುಲೈಯಲ್ಲಿ ಉಡುಪಿಯ ಅಕ್ಕನ ಮನೆಗೆ ಹೊರಟೆವು. ತೀರ್ಥಹಳ್ಳಿ ದಾಟುವಾಗಲೇ ಮಳೆ ಜೋರಾಗಿತ್ತು. ಆಗುಂಬೆ ಘಾಟಿ ಇಳಿಯಲು ಶುರು ಮಾಡಿದಾಗ ವೈಪರ್ ಪೂರ್ತಿ ವೇಗದಲ್ಲಿದ್ದರೂ ಕಾಣುತ್ತಿದ್ದುದು ಅಷ್ಟಕ್ಕಷ್ಟೆ. ಎರಡನೇ ಗೇರ್, ವೇಗ 25ರ ಆಸುಪಾಸು. ಒಂದು ತಿರುವಿನಲ್ಲಿ ಕೆಳಗಿನಿಂದ ಮಿನಿ ಬಸ್ ಹತ್ತಿ ಬರುತ್ತಿತ್ತು. ಬ್ರೇಕ್ ಮೆಲ್ಲಗೆ ಒತ್ತಿ ಸ್ಟೀರಿಂಗ್ ತಿರುಗಿಸಿದೆ. ಸ್ಟೀರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ಮುಂದಿನ ಚಕ್ರಗಳು ನೇರ ತಡೆಗೋಡೆಯ ಕಡೆಗೆ ಜಾರಿದವು. ಅಮ್ಮ ಹಿಂದಿನಿಂದ "ಅಯ್ಯೋ ದೇವರೇ" ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಗೋಡೆಗೆ ಒಂದು ಗೇಣು ಉಳಿದಾಗ ಕಾರು ನಿಂತಿತು. ಮಿನಿ ಬಸ್ಸಿನವರು ಆಗಲೇ ಬ್ರೇಕ್ ಹಾಕಿ ನಿಂತಿದ್ದರು. ಅವರು ನಿಲ್ಲದೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಉಳಿದ ತಿರುವುಗಳನ್ನು ನಡೆಯುವ ವೇಗದಲ್ಲಿ ಇಳಿದು, ಹೆಬ್ರಿಯಲ್ಲಿ ಒಂದು ಪಂಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅಲ್ಲಿದ್ದ ಹಿರಿಯರು ಮುಂದಿನ ಚಕ್ರದ ಹತ್ತಿರ ಕೂತು ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಊರಿದರು. ಉಗುರು ಜಾರಿತು.

"ಬಟನ್ ಎಲ್ಲ ಚಂದ ಉಂಟು ಮಾರಾಯ್ರೇ. ಆದ್ರೆ ರಬ್ಬರ್ ಕಲ್ಲಾಗಿದೆ. ಇದು ಹೊಸತು ಅಂತ ಯಾರು ಹೇಳಿದ್ದು?"

ಬಟನ್ ಅಂದರೆ ರಸ್ತೆಗೆ ತಾಗುವ ಉಬ್ಬು ರಬ್ಬರ್ ತುಂಡುಗಳು. ನಾಲ್ಕು ತಿಂಗಳ ಹಿಂದೆ ಹಾಕಿಸಿದ್ದು ಅಂದೆ. ಅವರು ಮಾತಾಡದೆ ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಒಳಗಿನ ಮೈಯಲ್ಲಿ ಮೆತ್ತಿದ್ದ ಕೆಸರನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದರು. ಡಿಓಟಿ (DOT, ಅಮೆರಿಕದ ಸಾರಿಗೆ ಇಲಾಖೆಯ ಗುರುತು) ಅಂತ ಶುರುವಾಗುವ ಒಂದು ಸಾಲು. ಅದರ ಕೊನೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ: 1618. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂದರೆ 2018ರ 16ನೇ ವಾರ, ಏಪ್ರಿಲ್ ತಿಂಗಳು. ನಾನು ದುಡ್ಡು ಕೊಡುವ ಹೊತ್ತಿಗೇ ಆ ಟೈರಿಗೆ ಐದು ವರ್ಷ ಹತ್ತಿರವಾಗಿತ್ತು. ಬಟನ್‌ಗಳ ನಡುವಿನ ಸಂದಿಯನ್ನು ಬೆರಳಿಂದ ಅಗಲಿಸಿ ತೋರಿಸಿದರು. ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಸಾಲು ಸಾಲಾಗಿ.

ಉಳಿದ ಮೂರನ್ನೂ ನೋಡಿದೆವು. ಒಂದು 1618, ಇನ್ನೊಂದು 4018. ಒಂದೇ ಒಂದು ಟೈರ್ ಮಾತ್ರ 4422, ಅಂದರೆ 2022ರ ಕೊನೆಯದು. ಅದರ ತಾರೀಕು ಮಾತ್ರ ಹೊರಗೆ ಕಾಣುವ ಹಾಗೆ ಹಾಕಿದ್ದರು. ಹಳೆಯ ಮೂರರದ್ದೂ ಒಳಮುಖ. ಎಷ್ಟೋ ಟೈರ್‌ಗಳಲ್ಲಿ ಈ ಪೂರ್ತಿ ಸಾಲು ಒಂದೇ ಬದಿಯಲ್ಲಿರುತ್ತದೆ. ಇನ್ನೊಂದು ಬದಿಯಲ್ಲಿ ಡಿಓಟಿ ಇದ್ದರೂ ತಾರೀಕಿನ ಅಂಕಿ ಇರುವುದಿಲ್ಲ. ಚಕ್ರ ಕೂರಿಸಿದ ಮೇಲೆ ನಿಂತುಕೊಂಡು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲೆ ಆ 500, ಎ, ಎ ಅಂದರೆ ನಿಜಕ್ಕೂ ಏನು ಅಂತ ಕೂತು ಓದಿದೆ. ಇದನ್ನು ಮೊದಲೇ ಮಾಡಬೇಕಿತ್ತು.

ಅದು ಅಮೆರಿಕದ ಸರ್ಕಾರದ ನಿಯಮದ ಪ್ರಕಾರ ಹಾಕುವ ದರ್ಜೆ. ಅಲ್ಲಿಗೂ ಹೋಗುವ ಟೈರ್‌ಗಳ ಮೇಲೆ ಅಚ್ಚಿನಲ್ಲೇ ಇರುವುದರಿಂದ ನಮ್ಮಲ್ಲಿ ಮಾರುವ ಎಷ್ಟೋ ಟೈರ್‌ಗಳ ಮೇಲೂ ಕಾಣುತ್ತದೆ. ಆದರೆ ಆ ದರ್ಜೆ ಕೊಡುವುದು ಸರ್ಕಾರ ಅಲ್ಲ. ಟೈರ್ ಕಂಪನಿಯೇ ಪರೀಕ್ಷೆ ಮಾಡಿಸಿ ತಾನೇ ಹಾಕಿಕೊಳ್ಳುತ್ತದೆ.

ಟ್ರೆಡ್‌ವೇರ್ ಅಂದರೆ ಎಷ್ಟು ಬೇಗ ಸವೆಯುತ್ತದೆ ಅನ್ನುವ ಹೋಲಿಕೆ, ಅಷ್ಟೇ. ಟೆಕ್ಸಸ್ ರಾಜ್ಯದಲ್ಲಿ ಸುಮಾರು 640 ಕಿಲೋಮೀಟರ್‌ನ ಒಂದು ಗೊತ್ತಾದ ದಾರಿ ಇದೆ. ಅಲ್ಲಿ ಪರೀಕ್ಷೆಯ ಟೈರನ್ನೂ ಒಂದು ಮಾದರಿ ಟೈರನ್ನೂ ಒಟ್ಟೊಟ್ಟಿಗೆ ಓಡಿಸುತ್ತಾರೆ. ಎಲ್ಲ ಸೇರಿ 11,500 ಕಿಲೋಮೀಟರ್ ಹತ್ತಿರ. ಅಷ್ಟರಲ್ಲಿ ಆದ ಸವೆತ ಅಳೆದು, ಮುಂದಿನದನ್ನು ಲೆಕ್ಕ ಹಾಕಿ ಅಂಕಿ ಕೊಡುತ್ತಾರೆ. 200 ಇದ್ದರೆ, ಆ ದಾರಿಯಲ್ಲಿ 100 ಇರುವ ಟೈರಿಗಿಂತ ಎರಡರಷ್ಟು ಬಾಳಿತು ಅಂತ ಅರ್ಥ. ಇದರಲ್ಲಿ ಕಿಲೋಮೀಟರ್ ಗ್ಯಾರಂಟಿ ಎಲ್ಲಿಂದ ಬಂತು? 500ನ್ನು ನೂರರಿಂದ ಗುಣಿಸಿ 50 ಸಾವಿರ ಅನ್ನುವುದು ಅಂಗಡಿಯ ಲೆಕ್ಕ. ನಿಮಗೆ ಯಾರಾದರೂ ಹೀಗೆ ಹೇಳಿದರೆ ಅಲ್ಲೇ ಹುಷಾರಾಗಿ. ಒಂದೇ ಕಂಪನಿಯ ಎರಡು ಟೈರ್ ನಡುವೆ ಯಾವುದು ಜಾಸ್ತಿ ಬಾಳಬಹುದು ಅಂತ ನೋಡಲು ಈ ಅಂಕಿ ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗಲು ನಾನಂತೂ ಹೋಗುವುದಿಲ್ಲ. ಇನ್ನೊಂದು ವಿಷಯ. ಸಾಮಾನ್ಯವಾಗಿ ಬೇಗ ಸವೆಯದ ರಬ್ಬರ್ ಸ್ವಲ್ಪ ಗಟ್ಟಿಯಿರುತ್ತದೆ. ನಮ್ಮ ಮಲೆನಾಡಿನ ಮಳೆಗೆ ಬೇಕಾದದ್ದು ಮೊದಲು ಹಿಡಿತ, ಆಮೇಲೆ ಬಾಳಿಕೆ ಅಲ್ವಾ?

ನನ್ನನ್ನು ಜಾಸ್ತಿ ದಾರಿ ತಪ್ಪಿಸಿದ್ದು ಟ್ರಾಕ್ಷನ್ ಎ. ಎ ಅಂದರೆ ಎಲ್ಲಕ್ಕಿಂತ ಮೇಲೆ ಅಂದುಕೊಂಡಿದ್ದೆ. ಅದಕ್ಕೂ ಮೇಲೆ ಎಎ ಇದೆ. ಆಮೇಲೆ ಎ, ಬಿ, ಸಿ. ಅದಕ್ಕಿಂತ ಮುಖ್ಯ, ಏನನ್ನು ಅಳೆಯುತ್ತಾರೆ ಅನ್ನುವುದು. ನೀರು ಹಾಕಿದ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಟೈರ್ ಎಳೆದುಕೊಂಡು ಹೋಗಿ, ಚಕ್ರ ಲಾಕ್ ಮಾಡಿ, ಎಷ್ಟು ಹಿಡಿಯುತ್ತದೆ ಅಂತ ನೋಡುತ್ತಾರೆ. ನೇರ ದಾರಿಯಲ್ಲಿ ಮಾತ್ರ. ತಿರುವಿನಲ್ಲಿ ಹಿಡಿಯುತ್ತದೋ ಇಲ್ಲವೋ, ನೀರು ನಿಂತ ಕಡೆ ತೇಲುತ್ತದೋ ಇಲ್ಲವೋ, ಅದು ಈ ಅಕ್ಷರದಲ್ಲಿ ಇಲ್ಲವೇ ಇಲ್ಲ. ನಾನು ಜಾರಿದ್ದು ತಿರುವಿನಲ್ಲಿ.

ಟೆಂಪರೇಚರ್ ಅಂದರೆ ವೇಗವಾಗಿ ಓಡುವಾಗ ಶಾಖ ತಡೆಯುವ ಶಕ್ತಿ. ಅಲ್ಲಿ ಸಿ ಅಂದರೆ ಅಮೆರಿಕದ ಕಾನೂನಿಗೆ ಬೇಕಾದ ಕನಿಷ್ಠ ಮಟ್ಟ. ಗಾಳಿ ಸರಿಯಾಗಿದ್ದು, ಭಾರ ಮಿತಿಯಲ್ಲಿದ್ದರೆ ಮಾತ್ರ ಆ ಮಾತು ನಿಜ.

ಈ ಮೂರೂ ದರ್ಜೆ ಬರುವುದು ಹೊಸ ಟೈರಿನ ಪರೀಕ್ಷೆಯಿಂದ. ಆ ಟೈರ್ ಐದು ವರ್ಷ ಗೋದಾಮಿನಲ್ಲಿ ಕೂತು ಗಟ್ಟಿಯಾದರೂ ಅದರ ಮೈಮೇಲೆ 500, ಎ, ಎ ಹಾಗೆಯೇ ಇರುತ್ತದೆ. ಅಚ್ಚೊತ್ತಿದ ಅಕ್ಷರ ಹಳೆಯದಾಗುವುದಿಲ್ಲ, ರಬ್ಬರ್ ಆಗುತ್ತದೆ. ನನಗೆ ಅಂಗಡಿಯಲ್ಲಿ ಹೊಳೆಯದೆ ಹೋದದ್ದು ಇದೇ.

ಈಗ ಕೆಲವು ಟೈರ್‌ಗಳ ಮೇಲೆ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಸ್ಟಾರ್ ಚೀಟಿಯೂ ಬರುತ್ತಿದೆ, ಫ್ರಿಜ್ ಮೇಲೆ ಇರುತ್ತದಲ್ಲ, ಆ ಥರದ್ದು. ಅದು ಟೈರ್ ಎಷ್ಟು ಹಗುರವಾಗಿ ಉರುಳುತ್ತದೆ, ಎಷ್ಟು ಇಂಧನ ಉಳಿಸುತ್ತದೆ ಅನ್ನುವುದರ ಗುರುತು. ಐದು ಸ್ಟಾರ್ ಇದೆ ಅಂದ ಮಾತ್ರಕ್ಕೆ ಎಲ್ಲದರಲ್ಲೂ ಒಳ್ಳೆಯ ಟೈರ್ ಅಂತಲ್ಲ. ಐಎಸ್‌ಐ ಗುರುತು ಮಾತ್ರ ಇರಲೇಬೇಕು. ಅದಿಲ್ಲದ ಕಾರ್ ಟೈರನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಅಳತೆಯ ಪಕ್ಕದ 88ಹೆಚ್ ಥರದ ಗುರುತನ್ನೂ ನೋಡಿ. 88 ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ, ಹೆಚ್ ಅಂದರೆ 210 ಕಿಲೋಮೀಟರ್ ವೇಗದವರೆಗೆ. ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆಯದನ್ನು "ಇದೂ ಕೂರುತ್ತೆ ಸರ್" ಅಂತ ಕೊಡಲು ಬಂದರೆ ಬೇಡ ಅನ್ನಿ.

ಉಡುಪಿಯಿಂದ ವಾಪಸ್ ಬಂದ ಮರುದಿನವೇ ಅಂಗಡಿಗೆ ಹೋದೆ. "ನಾಲ್ಕು ತಿಂಗಳು ಓಡಿಸಿದ್ದೀರಿ, ಈಗ ಹೇಗೆ ವಾಪಸ್ ತಗೊಳ್ಳೋದು ಸರ್" ಅಂದರು. ಗ್ಯಾರಂಟಿ ಅಂದಿರಲ್ಲ ಅಂದರೆ, ಅದು ಕಂಪನಿಯದು, ತಯಾರಿಕೆಯ ದೋಷಕ್ಕೆ ಮಾತ್ರ ಅಂದರು. ಈ ಟೈರ್ ನಮ್ಮದೇ ಅನ್ನುವುದಕ್ಕೆ ಬಿಲ್‌ನಲ್ಲಿ ನಂಬರ್ ಎಲ್ಲಿದೆ ಅಂತಲೂ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದ ಮೇಲೆ ಹಳೆಯ ಮೂರನ್ನು ಅರ್ಧ ಬೆಲೆಗೆ ವಾಪಸ್ ತಗೊಂಡರು. ಮಿಕ್ಕ ದುಡ್ಡು ಹೋಯಿತು. ಅದಕ್ಕಿಂತ ಹೊಟ್ಟೆ ಉರಿಯುವುದು ಯಾವುದಕ್ಕೆ ಅಂದರೆ, ಆ ಟೈರ್‌ಗಳು ಇನ್ನೊಬ್ಬರ ಕಾರಿಗೆ ಹೋದವೋ ಏನೋ.

ಆಮೇಲೆ ಬೇರೆ ಅಂಗಡಿಯಲ್ಲಿ ಮೂರು ಟೈರ್ ತಗೊಂಡೆ. ಈ ಸಲ ಫೋನ್‌ನಲ್ಲೇ ಮೊದಲು ತಯಾರಿಕೆಯ ವಾರ, ವರ್ಷ ಕೇಳಿದೆ. ಆರು ತಿಂಗಳಿಗಿಂತ ಹಳೆಯದು ಬೇಡ ಅಂದೆ. ವರ್ಷದೊಳಗಿನದಾದರೂ ಸರಿ, ಆದರೆ ಎರಡು, ಮೂರು ವರ್ಷದ ಮಾಲನ್ನು ಹೊಸದರ ಬೆಲೆಗೆ ಯಾಕೆ ತಗೋಬೇಕು? ರಿಮ್‌ಗೆ ಏರಿಸುವ ಮೊದಲೇ ಟೈರ್‌ಗಳನ್ನು ನೆಲದ ಮೇಲೆ ಮಲಗಿಸಿ, ಒಂದೊಂದನ್ನೂ ತಿರುಗಿಸಿ ಓದಿದೆ. ಉಗುರು ಊರಿ ನೋಡಿದೆ. ಪೂರ್ತಿ ಡಿಓಟಿ ಸಾಲಿನ ಫೋಟೋ ತೆಗೆದೆ. ತಾರೀಕು ಹೊರಮುಖವಾಗಿ ಕೂರಿಸಿ ಅಂತ ಹೇಳಿದೆ. ಒಳಬದಿ, ಹೊರಬದಿ ಅಂತ ಗುರುತಿರುವ ಟೈರ್ ಆದರೆ ಅದು ಆಗುವುದಿಲ್ಲ, ನನ್ನದು ಅಂಥದ್ದಲ್ಲ. ಆ ಅಂಗಡಿಯ ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ. ತಾನೇ ಟಾರ್ಚ್ ಹಿಡಿದುಕೊಂಡು ನಿಂತ. ಮೂರೂ ಟೈರಿನ ನಂಬರನ್ನು ಬಿಲ್ ಮೇಲೆ ಬರೆದು ಸೀಲ್ ಹಾಕಿಕೊಟ್ಟರು. ಆ ಬಿಲ್ ಈಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿ ಜೊತೆಗೇ ಇದೆ.