ಗ್ಲಿಯೋಲಾನ್: ಕೆಂಪು ಕಂಡರೆ ನಂಬಬಹುದು, ಕಾಣದಿದ್ದರೆ ಗಡ್ಡೆಯಿಲ್ಲ ಎನ್ನುವಂತಿಲ್ಲ

ಮೆದುಳಿನ ಗ್ಲಿಯೋಮಾ ಗಡ್ಡೆಗೆ ಗೆರೆ ಎಳೆದಂಥ ಅಂಚಿರುವುದಿಲ್ಲ. ಬಿಳಿ ಬೆಳಕಿನಲ್ಲಿ ಗಡ್ಡೆಯ ಕೊನೆಯೂ ಪಕ್ಕದ ಒಳ್ಳೆಯ ಮೆದುಳೂ ಹೆಚ್ಚುಕಮ್ಮಿ ಒಂದೇ ಬಣ್ಣ. ಆ ಕೊನೆಯನ್ನು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೆಂಪಾಗಿ ತೋರಿಸುವುದಷ್ಟೇ ಗ್ಲಿಯೋಲಾನ್ ಎಂಬ ಕುಡಿಯುವ ಔಷಧಿ ಮಾಡುವ ಕೆಲಸ. ಗಡ್ಡೆಯನ್ನು ಅದು ಕೊಲ್ಲುವುದಿಲ್ಲ.

ಸೀಸೆಯೊಳಗಿರುವುದು 1.5 ಗ್ರಾಂ ಅಮೈನೋಲೆವುಲಿನಿಕ್ ಆಮ್ಲದ ಹೈಡ್ರೋಕ್ಲೋರೈಡ್ ಪುಡಿ. 50 ಮಿ.ಲೀ. ಕುಡಿಯುವ ನೀರಿನಲ್ಲಿ ಕರಗಿಸಿದರೆ ಮಿ.ಲೀ.ಗೆ 30 ಮಿ.ಗ್ರಾಂ ಆಗುತ್ತದೆ. ಡೋಸ್ ಕೆಜಿಗೆ 20 ಮಿ.ಗ್ರಾಂ. 60 ಕೆಜಿ ತೂಕದವರಿಗೆ 40 ಮಿ.ಲೀ. ಸಾಕು, 90 ಕೆಜಿಯವರಿಗೆ 60 ಮಿ.ಲೀ. ಬೇಕು. ಅಂದರೆ 75 ಕೆಜಿ ದಾಟಿದವರಿಗೆ ಒಂದು ಸೀಸೆ ಸಾಲದು. ಹಿಂದಿನ ದಿನವೇ ತೂಕ ನೋಡಿ ಎರಡನೆಯದನ್ನು ತರಿಸಿಟ್ಟಿರಬೇಕು. ಕುಡಿಸುವುದು ಅರಿವಳಿಕೆಗೆ ಸುಮಾರು 3 ಗಂಟೆ ಮುಂಚೆ. ಗಡ್ಡೆಯ ಜೀವಕೋಶಗಳು ಇದನ್ನು ಪ್ರೋಟೋಪೋರ್ಫಿರಿನ್ ಎಂಬ ಹೊಳೆಯುವ ವಸ್ತುವಾಗಿ ಬದಲಿಸಲು ಸಮಯ ಹಿಡಿಯುತ್ತದೆ. ಕುಡಿಸಿದ ಮೇಲೆ ಶಸ್ತ್ರಚಿಕಿತ್ಸೆ 12 ಗಂಟೆಗಿಂತ ಹೆಚ್ಚು ಮುಂದೆ ಹೋದರೆ ಮರುದಿನಕ್ಕೋ ಆಮೇಲಕ್ಕೋ ಇಟ್ಟುಕೊಂಡು ಮತ್ತೆ ಕುಡಿಸಬೇಕಾಗುತ್ತದೆ.

ಸುಮಾರು 400 ನ್ಯಾನೋಮೀಟರ್ ನೀಲಿ ಬೆಳಕು ಮತ್ತು ಅದಕ್ಕೆ ತಕ್ಕ ಫಿಲ್ಟರ್ ಇರುವ ಮೈಕ್ರೋಸ್ಕೋಪ್ ಇಲ್ಲದೆ ಪುಡಿಯೊಂದನ್ನೇ ಕೊಂಡು ಪ್ರಯೋಜನವಿಲ್ಲ. ಆಪರೇಷನ್ ಕೋಣೆಯ ದೀಪ ಆರಿಸಿ ನೀಲಿ ಬೆಳಕು ಹಾಕಿದಾಗ ಒಳ್ಳೆಯ ಮೆದುಳು ನೀಲಿಯಾಗಿಯೇ ಉಳಿಯುತ್ತದೆ, ಗಡ್ಡೆಯ ಗಟ್ಟಿ ಭಾಗ ಕೆಂಡದ ಹಾಗೆ ಹೊಳೆಯುತ್ತದೆ, ಸುತ್ತಲೂ ಮಾಸಲು ಗುಲಾಬಿ. ಈ ಗುಲಾಬಿಯೇ ಕಷ್ಟದ ಜಾಗ. ಅಲ್ಲಿ ರೋಗದ ಕೋಶಗಳೂ ಕೆಲಸ ಮಾಡುವ ಮೆದುಳೂ ಬೆರೆತಿರುತ್ತವೆ. ಕೈಕಾಲು ಆಡಿಸುವ, ಮಾತಾಡಿಸುವ ಭಾಗಗಳ ಹತ್ತಿರ ಬಣ್ಣವೊಂದನ್ನೇ ನೆಚ್ಚಿ ತೆಗೆಯಬಾರದು, ನರಗಳ ಮ್ಯಾಪಿಂಗ್ (ಯಾವ ಜಾಗ ಯಾವ ಕೆಲಸ ಮಾಡುತ್ತದೆಂದು ಪರೀಕ್ಷಿಸಿ ಗುರುತಿಸುವುದು) ಜೊತೆಗಿರಲೇಬೇಕು.

ಕೆಂಪು ಕಾಣದಿರಲು ಕಾರಣ ಹಲವು. ಮೇಲೆ ರಕ್ತದ ತೆಳುಪದರ ಕೂತಿದ್ದರೂ ಸಾಕು, ನೀಲಿ ಬೆಳಕು ಅಲ್ಲೇ ನಿಲ್ಲುತ್ತದೆ, ತೊಳೆದು ನೋಡಬೇಕು. ಗಡ್ಡೆ ತೆಗೆದ ಗುಳಿಯ ಗೋಡೆ ಒಳಕ್ಕೆ ಬಾಗಿದ್ದರೆ ಅದರ ಹಿಂದೆ ಬೆಳಕು ಬೀಳುವುದಿಲ್ಲ, ಮೈಕ್ರೋಸ್ಕೋಪನ್ನು ವಾಲಿಸಬೇಕು. ಒಂದೇ ಜಾಗಕ್ಕೆ ಬಹಳ ಹೊತ್ತು ಬೆಳಕು ಬಿಟ್ಟರೆ ಬಣ್ಣ ಬಾಡುತ್ತದೆ, ಆದರೆ ಬಾಡುವುದು ಮೇಲ್ಪದರ ಮಾತ್ರ. ಗಡ್ಡೆಯ ನಡುವಿನ ಸತ್ತ ಭಾಗ ಹೊಳೆಯುವುದೇ ಇಲ್ಲ. ಕಡಿಮೆ ಗ್ರೇಡಿನ, ಅಂದರೆ ನಿಧಾನವಾಗಿ ಬೆಳೆಯುವ ಗಡ್ಡೆಗಳೂ ಬಹುಮಟ್ಟಿಗೆ ಹಾಗೆಯೇ, ಅವುಗಳಿಗೆ ಇದನ್ನು ಕೊಳ್ಳುವುದರಲ್ಲಿ ಅರ್ಥ ಕಡಿಮೆ.

ಹೆಚ್ಚಿನ ಗ್ರೇಡಿನ ಗ್ಲಿಯೋಮಾದಲ್ಲಿ ಮಾತ್ರ ಈ ಔಷಧಿಯ ಉಪಯೋಗ ದೊಡ್ಡದು. 2006ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ, ಸ್ಕ್ಯಾನಿನಲ್ಲಿ ಕಾಣುವ ಗಡ್ಡೆ ಪೂರ್ತಿ ಹೋದದ್ದು ಇದನ್ನು ಕುಡಿದವರಲ್ಲಿ ಶೇ. 65ರಷ್ಟು ಮಂದಿಗೆ, ಬಿಳಿ ಬೆಳಕಿನಲ್ಲಿ ಮಾಡಿಸಿಕೊಂಡವರಲ್ಲಿ ಶೇ. 36ರಷ್ಟು ಮಂದಿಗೆ. ಆರು ತಿಂಗಳವರೆಗೆ ರೋಗ ಮುಂದುವರಿಯದೆ ಉಳಿದವರು ಕ್ರಮವಾಗಿ ಶೇ. 41 ಮತ್ತು ಶೇ. 21. ಯುರೋಪಿನಲ್ಲಿ 2007ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು.

ಪೋರ್ಫಿರಿಯಾ (ಪೋರ್ಫಿರಿನ್ ಜಾತಿಯ ವಸ್ತುಗಳು ಮೈಯಲ್ಲಿ ಹೆಚ್ಚಾಗುವ ಕಾಯಿಲೆ) ಇರುವವರಿಗೆ ಕೊಡುವಂತಿಲ್ಲ. ಈ ಔಷಧಿ ಕುಡಿದವರ ಚರ್ಮ ಬೆಳಕಿಗೆ ಸುಡಬಹುದು, ಅಮೆರಿಕದ ಸೂಚನೆಯ ಪ್ರಕಾರ 48 ಗಂಟೆ ಬಿಸಿಲಿಗೂ ಪ್ರಖರ ದೀಪಕ್ಕೂ ಒಡ್ಡಬಾರದು. ವಾರ್ಡಿನ ಕಿಟಕಿ ಪರದೆಯನ್ನು ನೆನಪಿಟ್ಟು ಎಳೆಯಬೇಕಾದವರು ನರ್ಸ್ ಮತ್ತು ಮನೆಯವರೇ.

ಬೆಳಕು ಬಿದ್ದೊಡನೆ ಔಷಧಿ ಬಿಡುವ ನ್ಯಾನೋಕಣಗಳು ಇದರ ಜಾಗಕ್ಕೆ ಬರಲಿವೆಯೇ ಎಂದು ಹಲವರು ಕೇಳುತ್ತಾರೆ. ಗ್ಲಿಯೋಲಾನ್‌ನ ಅಣು ಪುಟ್ಟದು, ಹೊಳೆಯುವ ವಸ್ತುವನ್ನು ಗಡ್ಡೆಯ ಕೋಶವೇ ತಯಾರಿಸಿಕೊಳ್ಳುತ್ತದೆ. ನ್ಯಾನೋಕಣ ಹಾಗಲ್ಲ, ಇಡಿಯಾಗಿ ರಕ್ತನಾಳದ ಗೋಡೆ ದಾಟಬೇಕು, ಅಷ್ಟರಲ್ಲಿ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಕಣಗಳಿಗೆ ಬೇಕಾದ ಬೆಳಕಿನ ತೊಡಕೂ ಇದೆ, ಕೆಂಪು ಬೆಳಕು ಸಹ ಮೆದುಳಿನೊಳಗೆ ಹೋಗುವುದು ಕೆಲವೇ ಮಿಲಿಮೀಟರ್. ತಲೆಬುರುಡೆಯಲ್ಲಿ ದಾರಿ ಮಾಡಿ, ಮೆದುಳಿನೊಳಗೇ ಲೇಸರ್ ಇಳಿಸಿದರೆ ಮಾತ್ರ ಆ ಕಣಗಳಿಗೆ ಬೆಳಕು ತಲುಪೀತು.